ಕಾಡಿನ ಲೆಕ್ಕ

ಪತ್ರಿಕೆಗಳಲ್ಲಿಯೂ ಆಕಾಶವಾಣಿಯ ವಾರ್ತೆಗಳಲ್ಲಿಯೂ ಆಗಾಗ ಒಂದು ಮಾತು ಕಿವಿಗೆ ಬೀಳುತ್ತದೆ. ಇಂಥ ತಾಲ್ಲೂಕಿನಲ್ಲಿ ಇಂತಿಷ್ಟು ಹೆಕ್ಟೇರು ಅರಣ್ಯಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಿಟ್ಟುಕೊಡಲಾಗಿದೆ. ಅದಕ್ಕೆ ಪ್ರತಿಯಾಗಿ ಇನ್ನೊಂದೆಡೆ ಇಷ್ಟು ಸಾವಿರ ಸಸಿಗಳನ್ನು ನೆಡಲಾಗುವುದು. ಕೇಳಿದವರಿಗೆ ಸಮಾಧಾನವೂ ಆಗುತ್ತದೆ. ಖರ್ಚಿನ ಎದುರಿಗೆ ಜಮೆ ಬರೆದಾಯಿತು, ಲೆಕ್ಕ ಸರಿಹೋಯಿತು ಎಂದುಕೊಂಡು ಮುಂದಿನ ಸುದ್ದಿಗೆ ಕಿವಿಗೊಡುತ್ತೇವೆ. ಈ ಲೆಕ್ಕ ನಿಜವಾಗಿಯೂ ಸರಿಹೋಗುತ್ತದೆಯೆ, ಕಾಡನ್ನು ಎಕರೆಯಲ್ಲಿಯೂ ಮರಗಳ ಸಂಖ್ಯೆಯಲ್ಲಿಯೂ ಅಳೆದರೆ ಸಾಕೆ ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಾದ್ದರಿಂದ ಪದದಿಂದಲೇ ತೊಡಗುತ್ತೇನೆ. ‘ಅರಣ್ಯೇತರ’ ಎಂಬುದನ್ನು ಬಿಡಿಸಿದರೆ ಅರಣ್ಯ, ಇತರ ಎಂದಾಗುತ್ತದೆ, ಗುಣಸಂಧಿ. ವ್ಯಾಕರಣದಲ್ಲಿ ಇಷ್ಟು ಸುಲಭವಾಗಿ ಕೂಡಿಕೊಳ್ಳುವ ಈ ಎರಡು ಪದಗಳು ನೆಲದ ಮೇಲೆ ಮಾತ್ರ ಒಟ್ಟಿಗಿರಲಾರವು. ಒಂದು ಬಂದರೆ ಇನ್ನೊಂದು ಎದ್ದುಹೋಗಬೇಕು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಯಾವ ರಾಜ್ಯವೂ ಅರಣ್ಯಭೂಮಿಯನ್ನು ಅರಣ್ಯೇತರ ಉಪಯೋಗಕ್ಕೆ ತಿರುಗಿಸಕೂಡದೆಂದು 1980ರ ಅರಣ್ಯ ಸಂರಕ್ಷಣಾ ಕಾಯಿದೆ ವಿಧಿಸಿತು. ಅರಣ್ಯೇತರವೆಂದರೆ ಮನೆ, ರಸ್ತೆ, ಗಣಿ ಇಷ್ಟೇ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಚಹ, ಕಾಫಿ, ಸಂಬಾರ ಬೆಳೆ, ರಬ್ಬರು, ತೋಟಗಾರಿಕೆ ಇವುಗಳಿಗಾಗಿ ಕಾಡು ಸವರುವುದನ್ನೂ ಕಾಯಿದೆ ಅರಣ್ಯೇತರವೆಂದೇ ಎಣಿಸಿದೆ. ಅಂದರೆ ಹಸಿರಾಗಿದ್ದ ಮಾತ್ರಕ್ಕೆ ಕಾಡಾಗುವುದಿಲ್ಲ ಎಂಬುದನ್ನು ಕಾನೂನು ಕೂಡ ಒಪ್ಪಿದೆ.

ಹಾಗಾದರೆ ಕಾಡು ಯಾವುದು? 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಗೆ ಕೊಟ್ಟ ಉತ್ತರ ನನ್ನಂಥ ಪಂಡಿತರಿಗೆ ಸಂತೋಷ ತರುವಂಥದು: ‘ಅರಣ್ಯ’ ಎಂಬ ಮಾತಿಗೆ ನಿಘಂಟಿನಲ್ಲಿರುವ ಅರ್ಥವನ್ನೇ ತೆಗೆದುಕೊಳ್ಳಬೇಕು, ಭೂಮಿ ಯಾರ ಹೆಸರಿನಲ್ಲಿದ್ದರೂ ಸರಿ. 2023ರಲ್ಲಿ ಕಾಯಿದೆಗೆ ಬಂದ ತಿದ್ದುಪಡಿ ಅದರ ವ್ಯಾಪ್ತಿಯನ್ನು ಅಧಿಸೂಚನೆಯಾದ ಮತ್ತು ದಾಖಲೆಯಲ್ಲಿರುವ ಅರಣ್ಯಗಳಿಗೆ ಬಹುಮಟ್ಟಿಗೆ ಸೀಮಿತಗೊಳಿಸಿತು. 2024ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಮಧ್ಯಂತರ ಆದೇಶವೊಂದರಲ್ಲಿ ಹಳೆಯ ಅರ್ಥವನ್ನೇ ಅನುಸರಿಸುವಂತೆ ಹೇಳಿತು. ಒಂದು ಪದದ ಅರ್ಥ ಹಿಗ್ಗಿದರೆ ಸಾವಿರಾರು ಎಕರೆ ಉಳಿಯುತ್ತದೆ, ಕುಗ್ಗಿದರೆ ಸಾವಿರಾರು ಎಕರೆ ಹೋಗುತ್ತದೆ.

ಇನ್ನು ‘ಜೀವವೈವಿಧ್ಯ’ ಎಂಬುದು ಈಚೆಗೆ ಬಳಕೆಗೆ ಬಂದ ಮಾತು. ವಿಜ್ಞಾನಿಗಳು ಇದರಲ್ಲಿ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಮೊದಲನೆಯದು, ಒಂದೇ ಜಾತಿಯೊಳಗಿರುವ ಬಗೆಬಗೆ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಸಾಗರ, ಸಿದ್ದಾಪುರ, ಶಿರಸಿಗಳ ಕಡೆಯಿಂದ ಬರುವ ಅಪ್ಪೆಮಿಡಿ ಮೂಲತಃ ಹೊಳೆಯಂಚಿನ ಕಾಡುಗಳ ಮಾವು. ಒಂದು ಮರದ ಮಿಡಿಗೆ ಜೀರಿಗೆಯ ವಾಸನೆ, ಇನ್ನೊಂದಕ್ಕೆ ಕರ್ಪೂರದ ವಾಸನೆ. ಒಂದು ಬೇಗ ಮೆತ್ತಗಾಗುತ್ತದೆ, ಇನ್ನೊಂದು ವರ್ಷಗಟ್ಟಲೆ ಕೆಡದು. ಇವೆಲ್ಲ ಮಾವೇ, ಆದರೂ ಒಂದೊಂದರ ಗುಣ ಬೇರೆ. ಎರಡನೆಯ ಮೆಟ್ಟಿಲು, ಜಾತಿಗಳ ಸಂಖ್ಯೆ: ಎಷ್ಟು ಬಗೆಯ ಮರ, ಹಕ್ಕಿ, ಹುಳು, ಅಣಬೆ ಒಂದೆಡೆ ಬಾಳುತ್ತಿವೆ ಎಂಬುದು. ಮೂರನೆಯದು, ನೆಲೆಗಳ ಬಗೆ. ಇದನ್ನು ನಮ್ಮ ಹಿರಿಯರು ಮಾತಿನಲ್ಲಿಯೇ ಗುರುತಿಸಿದ್ದರು. ಕಾನು, ಕಾವಲು, ಜಡ್ಡಿ, ಬೆಟ್ಟ, ಕುರುಚಲು, ಬಾಣೆ, ದೇವರಕಾಡು: ಒಂದೊಂದು ಪದವೂ ಒಂದೊಂದು ಬಗೆಯ ನೆಲ, ಒಂದೊಂದು ಬಗೆಯ ಬಳಕೆ. ಕಚೇರಿಯ ಕಾಗದದಲ್ಲಿ ಇವುಗಳಲ್ಲಿ ಎಷ್ಟೋ ನೆಲ ‘ಪಾಳು’ ಎಂಬ ಒಂದೇ ಮಾತಿನಲ್ಲಿ ಅಡಗಿಹೋಯಿತು. ಪಾಳು ಎಂದು ಬರೆದ ಮೇಲೆ ಅದನ್ನು ಬೇರೆಯದಕ್ಕೆ ತಿರುಗಿಸುವುದಕ್ಕೆ ಯಾರಿಗೂ ಸಂಕೋಚವಿರುವುದಿಲ್ಲ.

ಕಾಡು ಎಂದರೆ ಮರಗಳ ಗುಂಪಲ್ಲ, ಸಂಬಂಧಗಳ ಗುಂಪು. ನಮ್ಮ ನಾಡಿಗೇ ಹೆಸರು ತಂದ ಶ್ರೀಗಂಧವನ್ನು ನೋಡಿ. ಅದು ಒಂಟಿಯಾಗಿ ಬಾಳುವ ಮರವಲ್ಲ. ಅದರ ಎಲೆ ತನ್ನ ಅಡಿಗೆಯನ್ನು ತಾನು ಮಾಡಿಕೊಳ್ಳುತ್ತದೆ, ನಿಜ. ಆದರೆ ನೀರನ್ನೂ ಲವಣಗಳನ್ನೂ ಪಡೆಯುವುದಕ್ಕೆ ಅದರ ಬೇರು ನೆರೆಯ ಗಿಡಗಳ ಬೇರಿಗೆ ಅಂಟಿಕೊಂಡು ಹೀರಬೇಕು. ನೆರೆ ಇಲ್ಲದಿದ್ದರೆ ಗಂಧ ಸೊರಗುತ್ತದೆ. ಅದರ ಕಪ್ಪು ಹಣ್ಣನ್ನು ಪಿಕಳಾರ, ಕೋಗಿಲೆ ಮೊದಲಾದ ಹಕ್ಕಿಗಳು ತಿಂದು ಬೀಜವನ್ನು ಬೇರೆಡೆಗೆ ಒಯ್ಯುತ್ತವೆ. ಆ ಹಕ್ಕಿ ಕೂರುವುದಕ್ಕೆ ಪೊದೆ ಬೇಕು. ಪೊದೆಯ ಹೂವಿಗೆ ದುಂಬಿ ಬೇಕು. ದುಂಬಿಗೆ ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಹೂವು ಬೇಕು. ಒಂದು ಗಂಧದ ಮರವನ್ನು ಲೆಕ್ಕಕ್ಕೆ ಹಿಡಿದವನು ಇಷ್ಟೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಸಸಿಗಳ ಸಂಖ್ಯೆಯಲ್ಲಿ ಬಿಟ್ಟುಹೋಗುವುದು ಈ ಸಂಬಂಧವೇ.

ಕಾಡಿನ ನೆಲವನ್ನು ಬೇರೆಯದಕ್ಕೆ ತಿರುಗಿಸಿದಾಗ ಆಗುವ ಮೊದಲ ಹಾನಿ ಎಲ್ಲರಿಗೂ ಕಾಣುವಂಥದು: ಎಷ್ಟು ನೆಲ ಹೋಯಿತೋ ಅಷ್ಟರಲ್ಲಿದ್ದ ಜೀವಗಳ ನೆಲೆ ಹೋಯಿತು. ಆದರೆ ಎರಡನೆಯ ಹಾನಿ ಕಣ್ಣಿಗೆ ಕಾಣದು. ಅದನ್ನು ತಿಳಿಯಲು ಒಂದು ಸಣ್ಣ ಗಣಿತ ಬೇಕು. ಹೈಸ್ಕೂಲು ಹುಡುಗರೂ ಮಾಡಬಹುದಾದ ಲೆಕ್ಕ. ಉದ್ದಗಲ ಒಂದೊಂದು ಕಿಲೋಮೀಟರು ಇರುವ ಚೌಕನಾದ ಕಾಡೊಂದಿದೆ ಎನ್ನೋಣ. ಅದರ ವಿಸ್ತಾರ 100 ಹೆಕ್ಟೇರು. ಕಾಡಿನ ಅಂಚಿನಲ್ಲಿ ಬಿಸಿಲು, ಗಾಳಿ ಹೆಚ್ಚು. ನೆಲ ಬೇಗ ಒಣಗುತ್ತದೆ. ಲಂಟಾನದಂಥ ಕಳೆ ನುಗ್ಗುತ್ತದೆ. ಬೀದಿನಾಯಿ, ಬೆಂಕಿ, ಸದ್ದು, ದೀಪ ಎಲ್ಲವೂ ಒಳಬರುತ್ತವೆ. ಈ ಅಂಚಿನ ಪ್ರಭಾವ ನೂರು ಮೀಟರು ಒಳಗಿನವರೆಗೆ ಇದೆ ಎಂದಿಟ್ಟುಕೊಂಡರೆ, ನೆಮ್ಮದಿಯಾಗಿ ಉಳಿಯುವ ಒಳಗಾಡು 64 ಹೆಕ್ಟೇರು ಮಾತ್ರ. ಈಗ ಅದರ ನಡುವೆ ಒಂದು ರಸ್ತೆ ಹಾಯಿತು ಎನ್ನೋಣ. ರಸ್ತೆಗೆ ಹೋದ ನೆಲ ಅತ್ಯಲ್ಪ. ಆದರೆ ಕಾಡು ಎರಡಾದುದರಿಂದ ಒಳಗಾಡು 48 ಹೆಕ್ಟೇರಿಗೆ ಇಳಿಯಿತು. ಇನ್ನೊಂದು ರಸ್ತೆ ಅಡ್ಡಲಾಗಿ ಹಾಯ್ದು ನಾಲ್ಕು ತುಂಡಾದರೆ ಒಂದೊಂದರಲ್ಲಿ 9 ಹೆಕ್ಟೇರಿನಂತೆ ಉಳಿಯುವುದು 36 ಹೆಕ್ಟೇರು. ಕಾಗದದಲ್ಲಿ ಕಾಡು ಹೆಚ್ಚು ಕಡಮೆ ನೂರು ಹೆಕ್ಟೇರೇ ಇದೆ. ಒಳಗಾಡಿನ ಜೀವಿಗಳ ಪಾಲಿಗೆ ಅರ್ಧದಷ್ಟು ಮನೆ ಬಿದ್ದುಹೋಗಿದೆ.

ಕಾಡು ಚಿಕ್ಕದಾದಂತೆ ಅದರಲ್ಲಿ ಇರಬಲ್ಲ ಜಾತಿಗಳೂ ಕಡಮೆಯಾಗುತ್ತವೆ. ಜೀವಶಾಸ್ತ್ರಜ್ಞರ ಒಂದು ಸ್ಥೂಲ ಸೂತ್ರದ ಪ್ರಕಾರ ಕಾಡು ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ ಜಾತಿಗಳು ಕಾಲಕ್ರಮದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತವೆ. ಜಗತ್ತಿನ ಅನೇಕ ದೇಶಗಳ ವಿಜ್ಞಾನಿಗಳು ಸೇರಿ 2019ರಲ್ಲಿ ಪ್ರಕಟಿಸಿದ ಜೀವವೈವಿಧ್ಯ ವರದಿ, ಸುಮಾರು ಹತ್ತು ಲಕ್ಷ ಜಾತಿಯ ಪ್ರಾಣಿ ಸಸ್ಯಗಳು ಅಳಿವಿನ ಅಂಚಿಗೆ ಬಂದಿವೆಯೆಂದು ಅಂದಾಜು ಮಾಡಿತು. ನೆಲದ ಮೇಲಿನ ಜೀವಗಳ ಮಟ್ಟಿಗೆ ಇದಕ್ಕೆ ಮೊದಲನೆಯ ಕಾರಣ ಬೇಟೆಯೂ ಅಲ್ಲ, ರೋಗವೂ ಅಲ್ಲ. ಭೂಮಿಯ ಬಳಕೆ ಬದಲಾದದ್ದು.

ಈ ಸೂತ್ರಗಳು ನಮ್ಮ ನಾಡಿನಲ್ಲಿ ಹೇಗೆ ನಿಜವಾಗಿವೆ ಎಂಬುದನ್ನು ಈಗ ನೋಡೋಣ. ಮೊದಲು ಮಲೆನಾಡಿಗೆ ಹೋಗೋಣ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಅದರ ವರ್ಣನೆ. ಅಲ್ಲಿ ವರ್ಷವೆಲ್ಲ ನೀರು ಜಿನುಗುವ ಕಣಿವೆಗಳಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗುಕಾಡುಗಳಿವೆ. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಈ ಮರಗಳ ಬೇರು ನೆಲದಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿ ಮತ್ತೆ ನೆಲ ಸೇರುತ್ತದೆ. ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಅದರ ಬೀಜವನ್ನು ಹರಡುತ್ತವೆ. ಅಡಕೆ ತೋಟಕ್ಕೂ ಗದ್ದೆಗೂ ಬೇಕಾದದ್ದು ಇಂಥದೇ ನೀರಿರುವ ಕಣಿವೆಯಾದ್ದರಿಂದ ಪಶ್ಚಿಮಘಟ್ಟದಲ್ಲಿ ಇಂಥ ಎಷ್ಟೋ ಜೌಗುಗಳು ತೋಟವಾಗಿ, ಗದ್ದೆಯಾಗಿ ಹೋದವು. ಅದೃಷ್ಟಕ್ಕೆ ಕತ್ತಲೆಕಾನು ಉಳಿಯಿತು. 2000ನೆಯ ಇಸವಿಯಲ್ಲಿ ಅಲ್ಲಿಂದ ಗೇರಿನ ಬಳಗಕ್ಕೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ವಿವರಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ನಾವು ಚಂದ್ರನ ಮೇಲೆ ಮನುಷ್ಯನನ್ನು ಕಳುಹಿಸಿ ಮೂವತ್ತು ವರ್ಷವಾದ ಮೇಲೂ ನಮ್ಮದೇ ಜಿಲ್ಲೆಯೊಂದರ ಒಂದು ದೊಡ್ಡ ಮರಕ್ಕೆ ಹೆಸರಿರಲಿಲ್ಲ! ಆ ಕಣಿವೆ ಮೊದಲೇ ತೋಟವಾಗಿದ್ದರೆ ಆ ಮರ ಇತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಹೆಸರಿಡುವ ಮೊದಲೇ ಕಳೆದುಹೋದದ್ದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

ಇದೇ ಕಾಡುಗಳಲ್ಲಿ ಸಿಂಗಳೀಕವಿದೆ. ಮರದ ಮೇಲಿನ ಹಾದಿಯಲ್ಲೇ ಓಡಾಡುವ, ನೆಲಕ್ಕೆ ಇಳಿಯುವುದೇ ಅಪರೂಪವಾದ ಕೋತಿ ಅದು. ಕೊಂಬೆಗೆ ಕೊಂಬೆ ತಾಗದಿದ್ದರೆ ಅದಕ್ಕೆ ದಾರಿಯಿಲ್ಲ. ಅದರ ರಕ್ಷಣೆಗೆಂದು 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿಸಲಾಯಿತು.

ಕೊಡಗಿಗೆ ಬಂದರೆ ಇನ್ನೊಂದು ಬಗೆಯ ಪಾಠವಿದೆ. ಅಲ್ಲಿ ಸಾವಿರದ ಇನ್ನೂರಕ್ಕೂ ಮಿಕ್ಕಿ ದೇವರಕಾಡುಗಳಿವೆ. 1905ರಲ್ಲಿ ಇವುಗಳ ವಿಸ್ತಾರ ಸುಮಾರು 15,500 ಎಕರೆ ಇದ್ದದ್ದು 1985ರ ವೇಳೆಗೆ ಸುಮಾರು 6,300 ಎಕರೆಗೆ ಇಳಿದಿತ್ತು. ದೇವರು ಹೋಗಲಿಲ್ಲ, ಹಬ್ಬ ನಿಲ್ಲಲಿಲ್ಲ. ಕಾಡು ಮಾತ್ರ ಕಾಫಿ ತೋಟಕ್ಕೂ ಮನೆಗಳಿಗೂ ಸರಿಯುತ್ತ ಬಂದಿತು. ಇದರಿಂದ ಕಾಫಿಗೇ ಲಾಭವಾಯಿತೆಂದು ಹೇಳುವಂತಿಲ್ಲ. ರೊಬಸ್ಟ ಕಾಫಿಯ ಹೂ ಕಾಯಿಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು. ಆ ಕೆಲಸದಲ್ಲಿ ಹೆಜ್ಜೇನಿನ ಪಾತ್ರ ದೊಡ್ಡದು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಹಳೆಯ ಮರಗಳಲ್ಲಿ. ಕಾಡಿನ ಕೊನೆಯ ತುಂಡನ್ನು ತೋಟಕ್ಕೆ ಸೇರಿಸಿಕೊಂಡವನು ತನ್ನ ಬೆಳೆಯ ಕೂಲಿಯಾಳನ್ನೇ ಓಡಿಸಿದಂತೆ.

ಮರ ಕಡಿದರೆ ಮಾತ್ರ ಹಾನಿ, ನೆಟ್ಟರೆ ಲಾಭ ಎಂದು ತಿಳಿಯುವುದೂ ಸರಿಯಲ್ಲ. ಮಲೆನಾಡಿನಿಂದ ಇಳಿದು ಬಯಲಿನ ರಾಣೆಬೆನ್ನೂರಿಗೆ ಬನ್ನಿ. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಕೃಷ್ಣಮೃಗಕ್ಕೆ ಬೇಕಾದದ್ದು ಹುಲ್ಲುಗಾವಲು. ದೂರ ನೋಡಿ, ದೂರ ಓಡಬೇಕಾದ ಪ್ರಾಣಿ ಅದು. ಆದರೆ ಅಲ್ಲಿ ವಿಸ್ತಾರವಾಗಿ ಬೆಳೆದು ನಿಂತದ್ದು ನೀಲಗಿರಿಯ ನೆಡುತೋಪು. ಬಯಲಿನ ದೊಡ್ಡ ನೆಲಹಕ್ಕಿಯಾದ ಎರೆಭೂತ ಒಮ್ಮೆ ಅಲ್ಲಿ ಕಾಣುತ್ತಿತ್ತು, ಈಗ ಇಲ್ಲ. ಮರವಿಲ್ಲದ ಹುಲ್ಲುನೆಲವೂ ಒಂದು ಪೂರ್ಣವಾದ ನೆಲೆ. ಅದರ ಮೇಲೆ ಮರ ಹೇರುವುದೂ ನೆಲದ ಬಳಕೆಯನ್ನು ಬದಲಿಸಿದಂತೆಯೇ. ಒಂದೇ ಜಾತಿಯ, ಒಂದೇ ವಯಸ್ಸಿನ ಸಾಲುಮರಗಳ ನೆಡುತೋಪಿಗೂ ಕಾಡಿಗೂ ಇರುವ ವ್ಯತ್ಯಾಸ, ಒಂದೇ ಪದವನ್ನು ಸಾವಿರ ಸಲ ಬರೆದ ಹಾಳೆಗೂ ಒಂದು ಗ್ರಂಥಕ್ಕೂ ಇರುವ ವ್ಯತ್ಯಾಸದಂಥದು. ಪದಗಳ ಸಂಖ್ಯೆ ಸಮನಾಗಿರಬಹುದು. ಓದುವುದಕ್ಕೆ ಏನೂ ಇರುವುದಿಲ್ಲ.

ಮೂರನೆಯ ಹಾನಿ ತಡವಾಗಿ ಬರುವಂಥದು. ಕಾಡಿನ ತುಂಡೊಂದು ಊರಿನ ನಡುವೆ ಉಳಿದುಕೊಂಡಿದೆ ಎನ್ನೋಣ. ಹಳೆಯ ಮರಗಳು ನಿಂತೇ ಇವೆ. ನೋಡಿದವರು ಕಾಡು ಚೆನ್ನಾಗಿದೆ ಎನ್ನುತ್ತಾರೆ. ಆದರೆ ಬೀಜ ಒಯ್ಯುವ ಹಕ್ಕಿ ಬಾರದು, ಬಿದ್ದ ಬೀಜ ಮೊಳೆಯುವುದಕ್ಕೆ ತೇವವಿಲ್ಲ, ಮೊಳೆತದ್ದನ್ನು ಕಳೆ ಮುಚ್ಚುತ್ತದೆ. ಐವತ್ತು ವರ್ಷದ ಮೇಲೆ ಮುದಿಮರಗಳು ಬೀಳುತ್ತವೆ. ಅವುಗಳ ಸ್ಥಾನಕ್ಕೆ ಬರುವವರಿಲ್ಲ. ವಿಜ್ಞಾನಿಗಳು ಇದನ್ನು ಅಳಿವಿನ ಸಾಲ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಸಾಲ ಮಾಡಿದವರು ನಾವು, ತೀರಿಸುವವರು ಮೊಮ್ಮಕ್ಕಳು. ಬಡ್ಡಿ ಮಾತ್ರ ಇಂದಿನಿಂದಲೇ ಏರುತ್ತಿರುತ್ತದೆ.

ಇದೆಲ್ಲ ದೂರದ ಮಲೆನಾಡಿನ ಮಾತು, ಬೆಂಗಳೂರಿನ ಬಡಾವಣೆಯಲ್ಲಿ ಕುಳಿತವರಿಗೇನು ಎಂದು ಕೇಳುವವರಿದ್ದಾರೆ. ನಾನು ಈ ಮಾತುಗಳನ್ನು ಬರೆಯುತ್ತಿರುವುದು ದಕ್ಷಿಣ ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ. ಇಲ್ಲಿಯ ಸುತ್ತಮುತ್ತಣ ಊರುಗಳ ಹೆಸರನ್ನು ಬಿಡಿಸಿ ನೋಡಿ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಆಲಹಳ್ಳಿಯಲ್ಲಿ ಆಲವಿದೆ, ಯಲಚೇನಹಳ್ಳಿಯಲ್ಲಿ ಎಲಚಿಯಿದೆ, ಹುಳಿಮಾವಿನಲ್ಲಿ ಮಾವಿದೆ. ಬನ್ನೇರುಘಟ್ಟದ ದೇವರು ಚಂಪಕಧಾಮಸ್ವಾಮಿ, ಅಲ್ಲಿ ಸಂಪಿಗೆಯಿದೆ. ಬಿ. ಎಂ. ಕಾವಲು, ಯು. ಎಂ. ಕಾವಲು ಎಂಬ ಹೆಸರುಗಳಲ್ಲಿ ದನಗಳಿಗಾಗಿ ಕಾದಿಟ್ಟ ಹುಲ್ಲುನೆಲದ ನೆನಪಿದೆ. ಈ ಮರಗಳಲ್ಲಿ ಎಷ್ಟನ್ನು ಈಗ ಕಂಡಿದ್ದೀರಿ ಎಂದು ಕೇಳಿದರೆ ಮಕ್ಕಳು ಮುಖಮುಖ ನೋಡಿಕೊಳ್ಳುತ್ತಾರೆ. ಎಲಚಿಯ ಹೆಸರನ್ನು ಅವರು ದಿನವೂ ಮೆಟ್ರೊ ನಿಲ್ದಾಣದ ಹಲಗೆಯ ಮೇಲೆ ಓದುತ್ತಾರೆ. ಅದರ ಹಣ್ಣಿನ ರುಚಿ ಬಲ್ಲವರು ಕಡಮೆ.

ಹೆಸರಿನಲ್ಲಿ ಮಾತ್ರವಲ್ಲದೆ ನೆಲದ ಮೇಲೆಯೂ ಉಳಿದಿರುವ ಕಾಡು ಇಲ್ಲಿಂದ ದೂರವೇನಿಲ್ಲ. ಪುಟ್ಟೇನಹಳ್ಳಿಯಿಂದ ಅರಕೆರೆ, ಗೊಟ್ಟಿಗೆರೆಗಳ ಮೇಲೆ ದಕ್ಷಿಣಕ್ಕೆ ಹತ್ತು ಹದಿನೈದು ಕಿಲೋಮೀಟರು ಹೋದರೆ ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. 1974ರಲ್ಲಿ ಘೋಷಿತವಾದ ಈ ಅರಣ್ಯದ ವಿಸ್ತಾರ ಈಗ ಸುಮಾರು 260 ಚದರ ಕಿಲೋಮೀಟರು. ರಜಾದಿನ ಮಕ್ಕಳನ್ನು ಕರೆದುಕೊಂಡು ನಾವು ನೋಡಿ ಬರುವ ಮೃಗಾಲಯ ಬೇರೆ. ಅದರ ಹಿಂದೆ ಇರುವ ಈ ಕಾಡು ಬೇರೆ. ದಿಂಡಿಗ, ಜಾಲಾರಿ, ಬಿದಿರು, ಶ್ರೀಗಂಧಗಳಿರುವ ಒಣನಾಡಿನ ಕಾಡಿದು. ಇದರ ನಡುವೆ ಹರಿಯುವ ಸುವರ್ಣಮುಖಿಯ ನೀರು ಕೊನೆಗೆ ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಆದರೆ ಇದು ದುಂಡಗಿನ ಕಾಡಲ್ಲ. ಉತ್ತರ ದಕ್ಷಿಣವಾಗಿ ಚಾಚಿಕೊಂಡ, ಅಲ್ಲಲ್ಲಿ ನಡು ಸಣ್ಣಗಾದ ಕಾಡು. ಮೇಲೆ ಹೇಳಿದ ಗಣಿತವನ್ನು ಜ್ಞಾಪಿಸಿಕೊಳ್ಳಿ: ಅಗಲ ಕಡಮೆಯಾದಷ್ಟೂ ಅಂಚು ಹೆಚ್ಚು, ಒಳಗಾಡು ಕಡಮೆ.

ಈ ಕಾಡಿಗೆ ಬೆಲೆ ಬಂದಿರುವುದು ಅದು ಒಂಟಿಯಾಗಿಲ್ಲದಿರುವುದರಿಂದ. ದಕ್ಷಿಣದಲ್ಲಿ ಅದು ಕಾವೇರಿ ವನ್ಯಜೀವಿಧಾಮದ ಕಾಡುಗಳಿಗೂ ತಮಿಳುನಾಡಿನ ಹೊಸೂರಿನ ಕಾಡುಗಳಿಗೂ ಕೊಂಡಿ ಹಾಕಿಕೊಂಡಿದೆ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋಗ್ರಾಮಿನಷ್ಟು ಮೇವು ಬೇಕು. ಅದು ಒಂದೇ ಕಡೆ ನಿಂತು ಮೇಯಲಾರದು. ಕರಡಿಕಲ್ಲು, ಮಾದೇಶ್ವರ ಎಂಬ ಎರಡು ಅರಣ್ಯಭಾಗಗಳನ್ನು ಕೂಡಿಸುವ ಕಿರಿದಾದ ಹಾದಿಯಂಥವು ಆನೆಗಳ ಹೆದ್ದಾರಿಗಳು. ಇಂಥ ಹಾದಿಯಲ್ಲಿ ಒಂದು ಬೇಲಿ, ಒಂದು ಬಡಾವಣೆ, ಒಂದು ಕಲ್ಲುಗಣಿ ಎದ್ದರೆ ಹೋಗುವ ನೆಲ ಕೆಲವೇ ಎಕರೆ; ಮುಚ್ಚುವುದು ಎರಡು ಕಾಡುಗಳ ನಡುವಣ ಬಾಗಿಲು. ಬಾಗಿಲು ಮುಚ್ಚಿದಾಗ ಆನೆ ಎಲ್ಲಿಗೆ ಹೋಗಬೇಕು? ಸುಗ್ಗಿಯ ಕಾಲಕ್ಕೆ ರಾಗಿಯ ಹೊಲಕ್ಕೆ ಬರುತ್ತದೆ. ಆನೇಕಲ್ಲು, ಕನಕಪುರಗಳ ಕಡೆಯ ರೈತ ಹೊಲದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕಾಯುತ್ತಾನೆ. ಒಮ್ಮೊಮ್ಮೆ ಬೆಳೆ, ಒಮ್ಮೊಮ್ಮೆ ಪ್ರಾಣ ಹೋಗುತ್ತದೆ. ಆನೆ ಊರಿಗೆ ಬಂತು ಎಂದು ನಾವು ಸುದ್ದಿ ಕೇಳುತ್ತೇವೆ. ಊರು ಆನೆಯ ದಾರಿಗೆ ಬಂದ ಸುದ್ದಿಯನ್ನು ಯಾರೂ ಓದಿರುವುದಿಲ್ಲ.

ಇಂಥ ಕಾಡಿನ ಸುತ್ತ ಒಂದು ರಕ್ಷಣೆಯ ಒರಗು ಬೇಕೆಂದು ಪರಿಸರ ಸೂಕ್ಷ್ಮವಲಯವನ್ನು ಗುರುತಿಸುವ ಪದ್ಧತಿಯಿದೆ. ಅಲ್ಲಿ ಗಣಿ, ದೊಡ್ಡ ಕಟ್ಟಡ, ಕೆಲವು ಬಗೆಯ ಕಾರ್ಖಾನೆಗಳಿಗೆ ನಿರ್ಬಂಧ. ಬನ್ನೇರುಘಟ್ಟಕ್ಕೆ 2016ರಲ್ಲಿ ಪ್ರಕಟವಾದ ಕರಡಿನಲ್ಲಿ ಈ ವಲಯ 268.96 ಚದರ ಕಿಲೋಮೀಟರು ಇತ್ತು. 2020ರಲ್ಲಿ ಕೊನೆಯ ಅಧಿಸೂಚನೆ ಬಂದಾಗ ಅದು 168.84 ಚದರ ಕಿಲೋಮೀಟರಿಗೆ ಇಳಿದಿತ್ತು; ಒರಗಿನ ಅಗಲ ಸ್ಥಳಕ್ಕೆ ತಕ್ಕಂತೆ 100 ಮೀಟರಿನಿಂದ 1 ಕಿಲೋಮೀಟರು. ನಗರದ ನಾಗರಿಕರು ಇದನ್ನು ವಿರೋಧಿಸಿ ಮನವಿ ಸಲ್ಲಿಸಿದ್ದರು. ಇಲ್ಲಿ ಒಂದು ಮರವನ್ನೂ ಕಡಿದ ಲೆಕ್ಕವಿಲ್ಲ, ಅರಣ್ಯದ ಒಂದು ಎಕರೆಯೂ ಹೋಗಿಲ್ಲ. ಆದರೂ ನೂರು ಚದರ ಕಿಲೋಮೀಟರಿನಷ್ಟು ಒರಗು ಸರಿದುಹೋಯಿತು. ಕಾಡಿನ ಅಂಚಿನಲ್ಲಿ ಏನು ನಡೆಯುತ್ತದೆಂಬುದೇ ಕಾಡಿನ ಒಳಗಿನ ಆರೋಗ್ಯವನ್ನು ನಿರ್ಣಯಿಸುವುದರಿಂದ ಇದು ಸಣ್ಣ ನಷ್ಟವಲ್ಲ.

ಇದಕ್ಕೂ ಹತ್ತಿರದಲ್ಲಿ, ಕನಕಪುರ ರಸ್ತೆಯ ಪಕ್ಕಕ್ಕೆ ತುರಹಳ್ಳಿಯ ಕಿರು ಅರಣ್ಯವಿದೆ. ಸುಮಾರು ಆರುನೂರು ಎಕರೆ. ಬಂಡೆ, ಕುರುಚಲು ಗಿಡ, ಹುಲ್ಲು. ನೋಡಿದವರಿಗೆ ಅದು ಅಷ್ಟೇನೂ ಸುಂದರವೆನಿಸದಿರಬಹುದು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಮುತ್ತಣ ನಿವಾಸಿಗಳು ನೂರಾರು ಸಂಖ್ಯೆಯಲ್ಲಿ ಸೇರಿ ಬೇಡವೆಂದರು, ಯೋಜನೆಯನ್ನು ಕೈಬಿಡಲಾಯಿತು. ಉದ್ಯಾನವನ್ನು ಬೇಡವೆನ್ನುವವರೂ ಉಂಟೆ ಎಂದು ಕೆಲವರು ಆಶ್ಚರ್ಯಪಟ್ಟರು. ನಡೆದಾಡುವ ಹಾದಿ, ಕುಳಿತುಕೊಳ್ಳುವ ಬೆಂಚು, ಅಂದದ ಗಿಡ ಇವು ನಮಗೆ ಬೇಕು, ನಿಜ. ಆದರೆ ಕುರುಚಲಿನ ಬುಡದಲ್ಲಿ ಮೊಟ್ಟೆಯಿಡುವ ಹಕ್ಕಿಗೆ, ಬಂಡೆಯ ಸಂದಿನ ಹಲ್ಲಿಗೆ, ಹುಲ್ಲಿನ ನಡುವಣ ಚಿಟ್ಟೆಗೆ ಬೇಕಾದದ್ದು ನಾವು ಅಲ್ಲಿ ಏನನ್ನೂ ಮಾಡದಿರುವುದು. ಏನನ್ನೂ ಮಾಡದಿರುವುದು ಕೂಡ ಒಂದು ಯೋಜನೆಯೇ ಎಂಬುದನ್ನು ತುರಹಳ್ಳಿಯ ನೆರೆಹೊರೆಯವರು ತಿಳಿದಿದ್ದರು.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವೊಂದನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಜನಕ್ಕೆ ಮನೆ ಬೇಡವೆ? ರಸ್ತೆ, ವಿದ್ಯುತ್ತು, ನೀರು ಬೇಡವೆ? 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದಾಗ ಎಷ್ಟೋ ಕಾಡು, ಎಷ್ಟೋ ಹಳ್ಳಿ ಮುಳುಗಿದವು. ಆ ವಿದ್ಯುತ್ತಿನಿಂದಲೇ ಬೆಂಗಳೂರಿನ ಮನೆಗಳ ದೀಪವೂ ರೇಡಿಯೊವೂ ನಡೆದವು ಎಂಬುದನ್ನು ಮರೆಯುವುದು ಕೃತಘ್ನತೆಯಾದೀತು. ಈ ಪುಟ್ಟೇನಹಳ್ಳಿಯೂ ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಯೇ. ನಾವು ಇಂದು ವಾಸಿಸುವ ಮನೆಗಳು ಆ ನೆಲದ ಮೇಲೆಯೇ ನಿಂತಿವೆ. ಪೂರ್ವಪಕ್ಷ ದುರ್ಬಲವಾದದ್ದಲ್ಲ. ಆದರೆ ಅದರಿಂದ ಸಿದ್ಧವಾಗುವುದು, ಕೆಲವು ವೇಳೆ ಕಾಡನ್ನು ಬಿಟ್ಟುಕೊಡಬೇಕಾಗಬಹುದು ಎಂಬುದಷ್ಟೇ. ಬಿಟ್ಟುಕೊಟ್ಟದ್ದು ಸಸಿಗಳಿಂದ ತುಂಬಿಬಂದಿತು ಎಂಬುದು ಸಿದ್ಧವಾಗುವುದಿಲ್ಲ. ಬೆಲೆ ಕೊಡುವುದು ಬೇರೆ, ಬೆಲೆಯೇ ಇಲ್ಲವೆಂದು ತಿಳಿಯುವುದು ಬೇರೆ. ಈಗಾಗಲೇ ಹಾಳಾಗಿರುವ ನೆಲ ಇರುವಾಗ ಜೀವಂತ ಕಾಡನ್ನೇ ಆರಿಸಿಕೊಳ್ಳುವುದು, ಸುತ್ತುದಾರಿ ಸಾಧ್ಯವಿರುವಾಗ ಕಾಡಿನ ನಡುವೆಯೇ ರಸ್ತೆ ಹಾಯಿಸುವುದು, ಇವು ಅವಶ್ಯಕತೆಯಲ್ಲ, ಅಗ್ಗವೆಂಬ ಭ್ರಮೆ.

ಕಳೆದುಕೊಂಡದ್ದನ್ನು ಮರಳಿ ಪಡೆಯಬಹುದಲ್ಲ ಎನ್ನುವವರಿಗೆ ನಮ್ಮೂರ ಕೆರೆಯೇ ಉತ್ತರ. ಪುಟ್ಟೇನಹಳ್ಳಿಯ ಕೆರೆ ಹದಿಮೂರು ಎಕರೆ ಇಪ್ಪತ್ತೈದು ಗುಂಟೆಯಷ್ಟರದು. ಕಳೆ ಕಸಗಳಿಂದ ಬತ್ತಿಹೋಗಿದ್ದ ಇದನ್ನು ನಗರಪಾಲಿಕೆ ಹೂಳೆತ್ತಿಸಿತು. 2010ರಲ್ಲಿ ಸುತ್ತಲಿನ ನಿವಾಸಿಗಳು ಒಂದು ನ್ಯಾಸ ಕಟ್ಟಿಕೊಂಡು ಕಾಯುವ ಹೊಣೆ ಹೊತ್ತರು. ಹಕ್ಕಿಗಳು ಮರಳಿ ಬಂದವು. ಇಂದು ನೋಡುವುದಕ್ಕೆ ಆನಂದವಾಗುತ್ತದೆ. ಇದು ನಿಜವಾಗಿಯೂ ಮೆಚ್ಚತಕ್ಕ ಕೆಲಸ. ಆದರೆ ಕೆರೆಗೆ ನೀರು ತರುತ್ತಿದ್ದ ನೆಲವೆಲ್ಲ ಕಟ್ಟಡವಾಗಿ ಕಾಲುವೆಗಳು ತಿರುಗಿಹೋದುದರಿಂದ, ಮಳೆನೀರು ಸಾಲದೆ ಹತ್ತಿರದ ವಸತಿ ಸಂಕೀರ್ಣವೊಂದರ ಶುದ್ಧೀಕರಿಸಿದ ನೀರನ್ನು ಹಾಯಿಸಬೇಕಾಯಿತು. ಹಾರಿ ಬರಬಲ್ಲ ಕೊಕ್ಕರೆ ಬಂದಿತು. ಹಾರಲಾರದ ಕಾಡುಪಾಪ ಎಲ್ಲಿಂದ ಬರಬೇಕು? ರಾತ್ರಿ ಸಂಚರಿಸುವ, ಅಂಗೈಯಗಲದ ಮೈಯ, ದೊಡ್ಡ ಕಣ್ಣಿನ ಆ ಪ್ರಾಣಿ ನೆಗೆಯುವುದನ್ನು ಅರಿಯದು; ಕೊಂಬೆಯಿಂದ ಕೊಂಬೆಗೆ ಕೈಚಾಚಿ ನಡೆಯುತ್ತದೆ. ಬೆಂಗಳೂರಿನಲ್ಲಿ ಅದು ಇನ್ನೂ ಉಳಿದಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ, ಹಳೆಯ ಮರಗಳ ತಲೆಗಳು ಕೂಡಿಕೊಂಡಿರುವ ಕೆಲವೇ ತಾಣಗಳಲ್ಲಿ. ಅಲ್ಲಿಂದ ಇಲ್ಲಿಗೆ ಕೊಂಬೆಯ ಹಾದಿಯಿಲ್ಲ. ನೀರನ್ನು ಕೊಳವೆಯಲ್ಲಿ ತರಬಹುದು, ದಾರಿಯನ್ನು ತರಲಾಗುವುದಿಲ್ಲ.

ಆದಕಾರಣ ಮುಂದೆ ಅರಣ್ಯಭೂಮಿಯ ಸುದ್ದಿ ಕಿವಿಗೆ ಬಿದ್ದಾಗ ‘ಎಷ್ಟು ಸಸಿ ನೆಡುತ್ತಾರೆ?’ ಎಂಬ ಒಂದೇ ಪ್ರಶ್ನೆಗೆ ನಿಲ್ಲದೆ ಇನ್ನು ಮೂರನ್ನು ಕೇಳುವುದು ಒಳ್ಳೆಯದು. ಉಳಿದ ಕಾಡಿನಲ್ಲಿ ಒಳಗಾಡು ಎಷ್ಟು? ಯಾವ ಜೀವದ ಯಾವ ಹಾದಿ ಮುಚ್ಚುತ್ತದೆ? ಇದೇ ಕೆಲಸಕ್ಕೆ ಕಾಡಲ್ಲದ ನೆಲ ಇತ್ತೆ? ಇಂಥ ಯೋಜನೆಗಳಿಗೆ ಆಕ್ಷೇಪಣೆ ಸಲ್ಲಿಸುವುದಕ್ಕೆ ಕಾನೂನಿನಲ್ಲಿ ಅನೇಕ ವೇಳೆ ಅವಕಾಶವೂ ಅವಧಿಯೂ ಇರುತ್ತವೆ. ಕರಡು ಅಧಿಸೂಚನೆ ಪ್ರಕಟವಾದ ಮೇಲೆ ಜನರ ಅಭಿಪ್ರಾಯ ಕೇಳಲು ಸಾಮಾನ್ಯವಾಗಿ ಅರವತ್ತು ದಿನ. ತುರಹಳ್ಳಿಯವರಂತೆ ಆ ದಿನಗಳೊಳಗೆ ಮಾತಾಡುವವರು ಬೇಕು. ನಮ್ಮ ಕಾಂಪೌಂಡಿನಲ್ಲಿ ಒಂದು ಗಿಡ ನೆಡುವುದು ಪುಣ್ಯದ ಕೆಲಸವೇ, ನೆಡೋಣ; ಆದರೆ ಅದನ್ನು ಬನ್ನೇರುಘಟ್ಟದ ಲೆಕ್ಕಕ್ಕೆ ಜಮೆ ಬರೆಯುವುದು ಬೇಡ. ಆ ಲೆಕ್ಕದಲ್ಲಿ ಜಮೆಯ ಕಡೆಗೆ ಬರೆಯಬಹುದಾದದ್ದು ಒಂದೇ: ಇಂದು ನಿಂತಿರುವ ಕಾಡು ನಾಳೆಯೂ ನಿಂತಿರುವುದು.